ಮಾತು ಬಾರದ ಎತ್ತು ಆರಾಮ ಇದೆಯೋ ಇಲ್ಲವೋ, ಹೇಗೆ ಗೊತ್ತಾಗುತ್ತದೆ?

"ಡಾಕ್ಟರ್ರ, ಎತ್ತಿಗೆ ಮಾತು ಬರಂಗಿಲ್ಲ. ಅದು ಆರಾಮ ಐತೋ ಇಲ್ಲೋ ನಿಮಗ ಹೆಂಗ ಗೊತ್ತಾಕ್ಕೈತ್ರಿ?"

ಈ ಸಲ ಕೇಳಿದವರು ಹಾವೇರಿ ದನದ ಸಂತೆಯಲ್ಲಿ ಸಿಕ್ಕ ಒಬ್ಬ ಅಜ್ಜ. ಆದರೆ ಪ್ರಶ್ನೆ ಹೊಸದಲ್ಲ. ಹಾನಗಲ್ಲಿನ ಕೊಟ್ಟಿಗೆಗಳಲ್ಲಿ, ಬ್ಯಾಡಗಿಯ ಚಹಾ ಅಂಗಡಿಗಳಲ್ಲಿ, ನನ್ನ ಮನೆಯಲ್ಲೇ ನನ್ನ ಮಗಳು, ಎಲ್ಲರೂ ಕೇಳಿದ್ದಾರೆ. ನಾನು ಹಳ್ಳಿ ಸುತ್ತುವ ಪಶುವೈದ್ಯ. ಕೆಚ್ಚಲು ಬಾವು, ಹೊಟ್ಟೆ ಉಬ್ಬರ, ಜ್ವರ ಅಂದರೆ ಜನ ನಂಬುತ್ತಾರೆ. "ರೋಗ ಏನಿಲ್ಲ, ಆದರೂ ಆರಾಮ ಇಲ್ಲ" ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾರೆ. ಸಂತೆಯ ಗದ್ದಲದಲ್ಲಿ ನಿಂತು ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಾಣಿ ಕಲ್ಯಾಣ ಅನ್ನುವುದು ಸರ್ಕಾರಿ ಕಾಗದದ ಮಾತು. ನಮ್ಮ ಕಡೆಯ ಮಾತು ಆರಾಮ. ದಾರಿಯಲ್ಲಿ ಸಿಕ್ಕವರನ್ನು "ಆರಾಮದೀರ್ರೀ?" ಅಂತ ಕೇಳುತ್ತೇವಲ್ವಾ, ಆಗ ಬರೀ ಜ್ವರದ ವಿಚಾರ ಕೇಳುವುದಿಲ್ಲ. ಉಂಡಿರಾ, ನಿದ್ದೆ ಬಂತಾ, ಮನಸ್ಸು ಹಗುರ ಇದೆಯಾ, ಎಲ್ಲ ಆ ಒಂದು ಮಾತಿನಲ್ಲಿದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಒಂದು ಪ್ರಾಣಿ ಎಂಥ ಸ್ಥಿತಿಯಲ್ಲಿ ಬದುಕುತ್ತದೆ, ಎಂಥ ಸ್ಥಿತಿಯಲ್ಲಿ ಸಾಯುತ್ತದೆ, ಅಲ್ಲಿ ಅದರ ಮೈ ಮತ್ತು ಮನಸ್ಸು ಹೇಗಿವೆ ಅನ್ನುವುದೇ ಅದರ ಕಲ್ಯಾಣ. ಸಾವಿನ ಗಳಿಗೆಯನ್ನೂ ಅವರು ಬಿಟ್ಟಿಲ್ಲ.

ಹಾಗಾದರೆ ಅದನ್ನು ಅಳೆಯುವುದು ಹೇಗೆ? ನನ್ನ ಉತ್ತರ ಇಷ್ಟು: ನೀವು ಏನೇನು ಕೊಟ್ಟಿರಿ ಅಂತ ಲೆಕ್ಕ ಹಾಕಬೇಡಿ. ದನಕ್ಕೆ ಏನು ಮುಟ್ಟಿತು ಅಂತ ಅದರ ಮೈಯನ್ನೇ ನೋಡಿ.

ಇದನ್ನು ನಾನು ಕಲಿತದ್ದು ಹಾನಗಲ್ ಕಡೆಯ ಒಂದು ಕೊಟ್ಟಿಗೆಯಲ್ಲಿ. ಅಲ್ಲಿಯ ರೈತ ಸಾಲ ಮಾಡಿ ಹೊಸ ಕೊಟ್ಟಿಗೆ ಕಟ್ಟಿಸಿದ. ಸಿಮೆಂಟು ನೆಲ, ಮೇಲೆ ಫ್ಯಾನು, ನೀರಿನ ತೊಟ್ಟಿ, ಮೇವು ಹಾಕುವ ಗ್ವಾದಲಿಗೆ ಟೈಲ್ಸ್. ನಾನೂ ನೋಡಿ "ಭಾಳ ಛಲೋ ಮಾಡಿ" ಅಂತ ಬೆನ್ನು ತಟ್ಟಿ ಬಂದೆ. ಕೆಲವು ತಿಂಗಳಿಗೆ ಫೋನ್ ಬಂತು. ಹಾಲು ಇಳಿದಿದೆ. ಹೋಗಿ ನೋಡಿದರೆ ಜ್ವರ ಇಲ್ಲ, ಕೆಚ್ಚಲು ಸರಿ ಇದೆ, ಮೇವಿಗೆ ಕೊರತೆ ಇಲ್ಲ. ಆದರೆ ನಾಲ್ಕೂ ಆಕಳುಗಳ ಹಿಂಗಾಲಿನ ಗಂಟಿನ ಮೇಲೆ ಕೂದಲು ಸವೆದಿತ್ತು. ಎರಡಕ್ಕೆ ಬಾವು ಬಂದಿತ್ತು. ಔಷಧಿ ಚೀಟಿ ಬರೆಯುವ ಬದಲು ಅಲ್ಲೇ ಒಂದು ಮಧ್ಯಾಹ್ನ ಕೂತೆ. ಒಂದು ಆಕಳು ಮಲಗಲು ಹೊರಟಿತು. ನೆಲ ಮೂಸಿತು, ಮುಂಗಾಲು ಮಡಿಚಿತು, ಅರ್ಧಕ್ಕೇ ಮತ್ತೆ ಎದ್ದಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂಸಿತು, ಮತ್ತೆ ಎದ್ದಿತು. ಮಲಗುವಾಗ ಆಕಳು ಮೊದಲು ಮುಂಗಾಲಿನ ಮಂಡಿಯ ಮೇಲೆ ಮೈಭಾರ ಬಿಡುತ್ತದೆ. ಗಟ್ಟಿ ಸಿಮೆಂಟಿನ ಮೇಲೆ ಅದು ನೋವು. ನೆಲ ತೊಯ್ದಿದ್ದರೆ ಜಾರುವ ಭಯ ಬೇರೆ.

ಹಾಲು ಕೊಡುವ ಆಕಳು ದಿನಕ್ಕೆ ಹತ್ತು ಹನ್ನೆರಡು ತಾಸಾದರೂ ಮಲಗಬೇಕು. ಮಲಗುವುದನ್ನೂ ಮೇವನ್ನೂ ಕೆಲವು ತಾಸು ತಪ್ಪಿಸಿ ಆಮೇಲೆ ಎರಡನ್ನೂ ಮುಂದೆ ಇಟ್ಟ ಪ್ರಯೋಗಗಳು ನಡೆದಿವೆ. ಆಕಳುಗಳು ಮೇವಿಗಿಂತ ಮೊದಲು ಮಲಗುವುದನ್ನು ಆರಿಸಿಕೊಂಡವು. ಆ ರೈತ ಕೊಟ್ಟದ್ದೆಲ್ಲ ದುಬಾರಿ ವಸ್ತುಗಳೇ. ಆಕಳಿಗೆ ಬೇಕಾದದ್ದು ಮಾತ್ರ ಅದರೊಳಗೆ ಇರಲಿಲ್ಲ. ಗೇಣೆತ್ತರ ಭತ್ತದ ಹುಲ್ಲು ಹಾಸಿ ಅಂದೆ. ಹಾಸಿದ ರಾತ್ರಿಯೇ ಮೂರು ಮಲಗಿದವು. ಮೊದಲ ದಿನ ಬೆನ್ನು ತಟ್ಟಿದ ನನ್ನ ಕೈ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ಆ ದಿನ ನಾನು ಕೊಟ್ಟಿಗೆ ನೋಡಿದ್ದೆ, ಆಕಳು ನೋಡಿರಲಿಲ್ಲ.

ನನಗಿಂತ ದೊಡ್ಡವರೂ ಹೀಗೆ ಎಡವಿದ್ದಾರೆ. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಸ್ಥಿತಿ ನೋಡಲು ಒಂದು ಸಮಿತಿ ಮಾಡಿದ್ದರು. ಬ್ರಾಂಬೆಲ್ ಅನ್ನುವ ಪ್ರಾಣಿಶಾಸ್ತ್ರಜ್ಞರು ಅದರ ಮುಖ್ಯಸ್ಥರು. 1965ರಲ್ಲಿ ವರದಿ ಬಂತು. ಪಂಜರದ ಕೋಳಿಗಳ ಕಾಲಿಗೆ ತೆಳು ತಂತಿಯ ಸಣ್ಣ ಜಾಲರಿ ನೋವು ಮಾಡುತ್ತದೆ, ದಪ್ಪ ಸರಳಿನ ನೆಲ ಒಳ್ಳೆಯದು ಅನ್ನುವುದು ಸಮಿತಿಯ ಸಲಹೆ. ಮನುಷ್ಯರ ಕಣ್ಣಿಗೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಅನ್ನುವ ಇಬ್ಬರು ಸಂಶೋಧಕರು ಕೋಳಿಗಳನ್ನೇ ಕೇಳಿದರು. ಬೇರೆ ಬೇರೆ ನೆಲ ಇಟ್ಟು, ಯಾವುದರ ಮೇಲೆ ಬೇಕೋ ನಿಲ್ಲಿ ಅಂತ ಬಿಟ್ಟರು. ಕೋಳಿಗಳು ಹೋಗಿ ನಿಂತದ್ದು ಅದೇ ತೆಳು ಜಾಲರಿಯ ಮೇಲೆ! ಪಾದಕ್ಕೆ ಜಾಸ್ತಿ ಕಡೆ ಆಸರೆ ಸಿಗುತ್ತಿತ್ತು. ಮಾತು ಬಾರದ ಜೀವವನ್ನು ಪ್ರಶ್ನೆ ಕೇಳುವ ದಾರಿ ಅಂದರೆ ಇದು. ಆಯ್ಕೆ ಮುಂದಿಡಬೇಕು, ಕಾಯಬೇಕು.

ಅದೇ ವರದಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ. ಪ್ರಾಣಿಗೆ ತಿರುಗಲು, ಮೈ ನೆಕ್ಕಿಕೊಳ್ಳಲು, ಏಳಲು, ಮಲಗಲು, ಕಾಲು ಚಾಚಲು ಜಾಗ ಬೇಕು ಅಂತ. ನಮ್ಮ ಕೊಟ್ಟಿಗೆಗಳಲ್ಲಿ ಮೊಳದುದ್ದದ ಹಗ್ಗಕ್ಕೆ ಕಟ್ಟಿದ ಎಮ್ಮೆ ಕಂಡಾಗ ಈ ಐದನ್ನೂ ಮನಸ್ಸಿನಲ್ಲೇ ಎಣಿಸುತ್ತೇನೆ. ಎಷ್ಟೋ ಕಡೆ ಅದರಲ್ಲಿ ಎರಡಾದರೂ ದಕ್ಕುವುದಿಲ್ಲ. 1979ರಲ್ಲಿ ಬ್ರಿಟನ್ನಿನ ಸಾಕುಪ್ರಾಣಿ ಕಲ್ಯಾಣ ಮಂಡಳಿ ಇದನ್ನೇ ಬೆಳೆಸಿ ಐದು ಸ್ವಾತಂತ್ರ್ಯಗಳನ್ನು ಹೇಳಿತು. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿತವಾಗಿರಬೇಕು, ನೋವು ರೋಗ ಇರಬಾರದು, ತನ್ನ ಸಹಜ ರೀತಿಯಲ್ಲಿ ಇರಲು ಬಿಡಬೇಕು, ಭಯ ಸಂಕಟ ಇರಬಾರದು. ನಮ್ಮ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಈ ಐದನ್ನೂ ಎತ್ತಿ ಹೇಳಿದೆ. 1994ರಲ್ಲಿ ನ್ಯೂಜಿಲೆಂಡಿನ ಡೇವಿಡ್ ಮೆಲ್ಲರ್ ಮತ್ತು ಅವರ ಜೊತೆಗಾರರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೇವು, ಜಾಗ, ಆರೋಗ್ಯ, ನಡವಳಿಕೆ ಈ ನಾಲ್ಕನ್ನೂ ನೋಡಿ, ಇವೆಲ್ಲ ಸೇರಿ ಪ್ರಾಣಿಯ ಮನಸ್ಸಿಗೆ ಏನು ಮಾಡಿವೆ ಅಂತ ಐದನೆಯದಾಗಿ ಕೇಳಿಕೊಳ್ಳಿ ಅಂದರು. ಎಲ್ಲ ದಾರಿಯೂ ಆ ಐದನೆಯದಕ್ಕೇ ಬಂದು ಸೇರುತ್ತದೆ.

ಇನ್ನು ನಾನು ಕೊಟ್ಟಿಗೆಗೆ ಹೋದಾಗ ಏನು ನೋಡುತ್ತೇನೆ ಅಂತ ಹೇಳುತ್ತೇನೆ. ನೀವೂ ನೋಡಬಹುದು.

ಮೊದಲು ಮೈ. ಸೊಂಟದ ಮೂಳೆ, ಪಕ್ಕೆಲುಬು, ಬಾಲದ ಬುಡದ ಗುಳಿ ಇವನ್ನು ಕೈಯಿಂದ ಮುಟ್ಟಿ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. 1 ಅಂದರೆ ಎಲುಬಿನ ಗೂಡು, 5 ಅಂದರೆ ಅತಿ ಬೊಜ್ಜು. ಎರಡೂ ಒಳ್ಳೆಯದಲ್ಲ. ಆಮೇಲೆ ನಡಿಗೆ. ದನ ನೋವನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಕುಂಟಿದ್ದು ಮೊದಲು ಹುಲಿಯ ಬಾಯಿಗೆ ಬೀಳುತ್ತಿತ್ತು, ಆ ಹೆದರಿಕೆ ರಕ್ತದಲ್ಲೇ ಉಳಿದಿದೆ. ಪೂರ್ತಿ ಕುಂಟುವವರೆಗೆ ಕಾಯಬೇಡಿ. ನಡೆಯುವಾಗ ಬೆನ್ನು ಕಮಾನಿನ ಹಾಗೆ ಬಾಗಿದರೆ ಕಾಲಿನಲ್ಲಿ ಆಗಲೇ ನೋವಿದೆ.

ಭಯ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಯುರೋಪಿನ ಸಂಶೋಧಕರು ಹೈನು ಆಕಳುಗಳಿಗೆ ಇದನ್ನು ಬಳಸುತ್ತಾರೆ. ಮೇವಿನ ಕಡೆಯಿಂದ, ಆಕಳಿನ ಮುಂದೆ ಎರಡು ಮೀಟರ್ ದೂರ ನಿಲ್ಲಿ. ಒಂದು ಕೈ ಮುಂದೆ ಚಾಚಿ, ಅಂಗೈ ಕೆಳಗಿರಲಿ. ಸೆಕೆಂಡಿಗೆ ಒಂದು ಹೆಜ್ಜೆಯಂತೆ ಮೆಲ್ಲಗೆ ಹೋಗಿ. ಆಕಳು ತಲೆ ಹಿಂದೆ ಎಳೆದುಕೊಂಡ ಕ್ಷಣ ನಿಲ್ಲಿ. ನಿಮ್ಮ ಕೈಗೂ ಅದರ ಮೂತಿಗೂ ಎಷ್ಟು ದೂರ ಉಳಿಯಿತು? ಅದೇ ಅಂಕ. ಮುಟ್ಟಲು ಬಿಟ್ಟರೆ ಸೊನ್ನೆ. ಒಂದೇ ಮನೆಯಲ್ಲಿ ಯಜಮಾನ ಹೋದರೆ ಮಾರು ದೂರದಲ್ಲೇ ತಲೆ ಎಳೆದುಕೊಳ್ಳುವ ಆಕಳು, ಮನೆಯ ಅವ್ವ ಹೋದರೆ ಕೈ ನೆಕ್ಕುವುದನ್ನು ನೋಡಿದ್ದೇನೆ. ಯಾರ ಕೈಯಿಂದ ಏನು ಸಿಕ್ಕಿದೆ ಅಂತ ಆ ದೂರವೇ ಹೇಳುತ್ತದೆ.

ಎಮ್ಮೆಗೆ ಲೆಕ್ಕವೇ ಬೇರೆ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಅಂತ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಧಾರವಾಡ ಪೇಡೆಯ ರುಚಿಯಲ್ಲಿ ಅದರ ಹಾಲಿನ ಪಾಲು ದೊಡ್ಡದು. ಎಮ್ಮೆಯ ಕರಿ ಚರ್ಮ ಬಿಸಿಲು ಹೀರುತ್ತದೆ, ಬೆವರಿನ ಗ್ರಂಥಿಗಳು ಆಕಳಿಗಿಂತ ಕಡಿಮೆ. ನೀರಿಗೆ, ಕೆಸರಿಗೆ ಇಳಿಯುವುದು ಅದಕ್ಕೆ ಜೀವದ ಅಗತ್ಯ. ಗೌಳಿ ಮನೆತನಗಳು ಇದನ್ನು ಯಾವ ಪುಸ್ತಕ ಓದದೆಯೇ ತಿಳಿದು, ತಪ್ಪದೆ ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಹುಬ್ಬಳ್ಳಿಯಂಥ ಊರಿನೊಳಗೆ ಇವತ್ತು ಕೆರೆಯೂ ಇಲ್ಲ, ದಾರಿಯೂ ಇಲ್ಲ ಅನ್ನುವವರಿಗೆ ನಾನು ಹೇಳುವುದು: ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲವಾದರೂ ಮೈಗೆ ನೀರು ಹಾಕಿ.

ದುಡಿಯುವ ಎತ್ತಿನಲ್ಲಿ ಮೊದಲು ಹೆಗಲು ನೋಡುತ್ತೇನೆ. ನೊಗದ ಹುಣ್ಣು, ಗಡ್ಡೆಯಾಗಿ ನಿಂತ ಬಾವು, ಕೂದಲು ಬೆಳ್ಳಗಾದ ಹಳೆಯ ಗಾಯ. ಕಾನೂನೂ ಇದೆ. ದುಡಿಯುವ ಪ್ರಾಣಿಗಳಿಗೆ ಅಂತಲೇ 1965ರಲ್ಲಿ ನಿಯಮ ಮಾಡಿದ್ದಾರೆ. ದಿನಕ್ಕೆ ಒಟ್ಟು 9 ತಾಸಿಗಿಂತ ಜಾಸ್ತಿ ಬಂಡಿ ಎಳೆಸುವಂತಿಲ್ಲ. ಬಿಡುವು ಕೊಡದೆ 5 ತಾಸು ಮೀರುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಮೊಳೆ ಹೊಡೆದ ಕೋಲು ಬಳಸುವಂತಿಲ್ಲ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಹೇರು ತುಂಬಿದ ಚಕ್ಕಡಿ ಕಂಡಾಗಲೆಲ್ಲ ನನಗೆ ಈ ಸಾಲುಗಳು ನೆನಪಾಗುತ್ತವೆ. ಆದರೆ ಇದಕ್ಕೆಲ್ಲ ಮೂಲವಾದ 1960ರ ಕಾಯ್ದೆಯಲ್ಲಿ ಪ್ರಾಣಿಗೆ ಹಿಂಸೆ ಕೊಟ್ಟವರಿಗೆ ಮೊದಲ ಸಲ ಇರುವ ದಂಡ 10ರಿಂದ 50 ರೂಪಾಯಿ. ಇವತ್ತಿಗೂ ಅಷ್ಟೇ. ಇದು ಬದಲಾಗಲೇಬೇಕು.

ಹಾವೇರಿಯವನಾಗಿ ಹೋರಿ ಹಬ್ಬದ, ಅಂದರೆ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುವ ಹಬ್ಬದ, ಮಾತು ಬಿಟ್ಟರೆ ತಪ್ಪಾಗುತ್ತದೆ. "ಮನಿ ಮಗನಂಗ ಸಾಕೇವ್ರಿ, ನಾವು ಹುಳ್ಳಿ ನುಚ್ಚು ತಿಂದು ಅದಕ್ಕ ಮೊಟ್ಟಿ ಹಾಕೇವಿ. ಇದು ಹಿಂಸಿ ಹೆಂಗಾಕ್ಕೈತಿ?" ಅಂತ ಹೋರಿ ಸಾಕಿದವರು ಕೇಳುತ್ತಾರೆ. ಅವರ ಮಾತು ಸುಳ್ಳಲ್ಲ. ವರ್ಷವಿಡೀ ಆ ಹೋರಿಗೆ ಸಿಗುವ ಆರೈಕೆ ಎಷ್ಟೋ ಮನೆಗಳ ಆಕಳಿಗೆ ಸಿಗುವುದಿಲ್ಲ. ಆದರೆ ಓಡುವ ದಿನದ ಲೆಕ್ಕ ಬೇರೆ ಬರೆಯಬೇಕು. ಸಾವಿರಾರು ಜನರ ಕೂಗಿನ ನಡುವೆ, ಕೊಬ್ಬರಿ ಹಾರಕ್ಕೆ ಕೈ ಹಾಕುವವರ ನಡುವೆ ಅದಕ್ಕೆ ಏನಾಗುತ್ತಿದೆ? ಕಣ್ಣಿನ ಬಿಳಿ ನೋಡಿ. ದನ ಬೆದರಿದಾಗ ಬಿಳಿ ಭಾಗ ಜಾಸ್ತಿ ಕಾಣುತ್ತದೆ, ಇದನ್ನು ಅಳೆದು ನೋಡಿದವರಿದ್ದಾರೆ. ಸಗಣಿ ನೀರಾಯಿತಾ? ಬಾಯಿ ತೆರೆದು ಉಸಿರಾಡುತ್ತಿದೆಯಾ? ಮನೆಗೆ ಬಂದ ಮೇಲೆ ಎಷ್ಟು ಹೊತ್ತಿಗೆ ಮೆಲುಕು ಹಾಕಿತು? ಹೆದರಿದ ದನ ಮೆಲುಕು ಹಾಕುವುದಿಲ್ಲ. ರಾತ್ರಿಯೂ ಮೆಲುಕು ಶುರುವಾಗದ ಹೋರಿಯನ್ನು ಮುಂದಿನ ಊರಿನ ಹಬ್ಬಕ್ಕೆ ಒಯ್ಯಬೇಡಿ. ಅದು ಬೇಡ ಅಂದಿದೆ. ಮಗನಂತೆ ಸಾಕಿದವರು ಮಗನ ಮಾತನ್ನೂ ಕೇಳಬೇಕಲ್ವಾ?

ಸಂತೆಯ ಅಜ್ಜನಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. "ಅಜ್ಜಾರ, ಇವತ್ತ ರಾತ್ರಿ ಬ್ಯಾಟರಿ ಹಿಡಕೊಂಡು ಎರಡು ಮೂರು ಸಲ ಕೊಟಗಿಗೆ ಹೋಗ್ರಿ. ಎತ್ತು ಮಲಗ್ಯಾವೋ ನಿಂತಾವೋ ಅಷ್ಟ ನೋಡ್ರಿ" ಅಂದೆ. ಮರುದಿನ ಫೋನ್ ಮಾಡಿದರು. ಬಲಗಡೆಯದು ಮಲಗಿ ಮೆಲುಕು ಹಾಕುತ್ತಿತ್ತಂತೆ. ಎಡಗಡೆಯದು ಮೂರು ಸಲವೂ ನಿಂತೇ ಇತ್ತು. ಹೋಗಿ ನಡೆಸಿ ನೋಡಿದೆ. ಕುಂಟುತ್ತಿರಲಿಲ್ಲ, ಬೆನ್ನು ಮಾತ್ರ ಸ್ವಲ್ಪ ಬಾಗುತ್ತಿತ್ತು. ಕಾಲು ಕಟ್ಟಿ ಕೆಡವಿ ಗೊರಸು ಒಂದೊಂದೇ ಒತ್ತುತ್ತಾ ಬಂದಾಗ ಎಡ ಹಿಂಗಾಲನ್ನು ಎಳೆದುಕೊಂಡಿತು. ಲಾಳದ ಒಂದು ಮೊಳೆ ಗೊರಸಿನ ಒಳಗಿನ ಜೀವಭಾಗಕ್ಕೆ ಇಳಿದಿತ್ತು. ಕಿತ್ತಾಗ ಜೊತೆಗೇ ಕೀವು ಬಂತು. ಅಜ್ಜ ಆ ಮೊಳೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ಲಾಳ ಬಡಿಸಿ ಹದಿನೈದು ದಿನಾತ್ರಿ" ಅಂದರು.