ಮರಳುಗಾಡಿನ ಬನ್ನಿ

ಹೋದ ವಾರ ಮಗಳು ಸ್ಕೂಲಿಂದ ಬಂದವಳೇ ಬ್ಯಾಗ್ ಕೂಡ ಇಳಿಸದೆ ಕೇಳಿದಳು. "ಅಮ್ಮಾ, ಭಾನುವಾರದೊಳಗೆ ಒಂದು ಆಟಮ್ ಎಲೆ ಹುಡುಕಬೇಕು. ಸೋಮವಾರ ತರಕ್ಕೆ ಹೇಳಿದ್ದಾರೆ. ಎಲ್ಲಿ ಸಿಗುತ್ತೆ?"

ಎರಡನೇ ಕ್ಲಾಸು. ಆಟಮ್ ಅಂದರೆ ಶರತ್ಕಾಲ, ಚಳಿ ದೇಶಗಳಲ್ಲಿ ಎಲೆ ಬಣ್ಣ ತಿರುಗಿ ಉದುರುವ ಕಾಲ. ಪುಸ್ತಕದಲ್ಲಿ ಕಿತ್ತಳೆ ಬಣ್ಣದ ಎಲೆಗಳ ರಾಶಿ, ಪಕ್ಕದಲ್ಲೊಂದು ಅಳಿಲು. ಯುಎಇ ದೇಶದ ಶಾರ್ಜಾದಲ್ಲಿರುವ ನಮ್ಮ ಬಾಲ್ಕನಿಯಿಂದ ಕಾಣುವುದು ಎರಡು ಖರ್ಜೂರದ ಮರ, ಒಂದು ಬೇವು, ಉಳಿದಂತೆ ಪಾರ್ಕಿಂಗ್. ಅವಳು ಸ್ವಲ್ಪ ಹೊತ್ತು ಹೊರಗೆ ನೋಡಿ, "ನಮಗೆ ಆಟಮ್ಮೇ ಇಲ್ಲ. ಇಲ್ಲೂ ಇಲ್ಲ, ಇಂಡಿಯಾದಲ್ಲೂ ಇಲ್ಲ" ಅಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ನೆ ಹೇಳಿ ಹಾಲು ಕುಡಿಯಲು ಹೋದಳು. ನನಗೆ ಮಾತ್ರ ಆ ಮಾತು ಎಲ್ಲೋ ಚುಚ್ಚಿತು.

ಇಲ್ಲ ಅಂತ ಹೇಗೆ ಹೇಳುವುದು? ಇಲ್ಲಿ ಅದು ಮರದಲ್ಲಿ ಕಾಣುವುದಿಲ್ಲ, ನಲ್ಲಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದಕ್ಕೇ ನಾವು ಗೀಸರ್ ಆಫ್ ಮಾಡಿ, ಮನೆಯೊಳಗೆ ತಣ್ಣಗೆ ನಿಂತ ಅದರ ನೀರನ್ನೇ ಸ್ನಾನಕ್ಕೆ ಬಳಸುತ್ತೇವೆ. ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು. ಅಕ್ಟೋಬರ್ ಕೊನೆಯ ಹೊತ್ತಿಗೆ ಒಂದು ಬೆಳಗ್ಗೆ ನೀಲಿ ನಲ್ಲಿ ತಿರುಗಿಸಿದರೆ ನೀರು ತಣ್ಣಗೆ ಬೆರಳಿಗೆ ತಾಗುತ್ತದೆ. ಆ ದಿನ ಕಿಟಕಿ ತೆಗೆಯುತ್ತೇನೆ. ಆರು ತಿಂಗಳಿಂದ ಮುಚ್ಚಿದ್ದ ಕಿಟಕಿ.

ಕೆಳಗಿನ ಗ್ರಾಸರಿಗೆ ಬರುವ ಇಲ್ಲಿನ ಅಜ್ಜ ಒಬ್ಬರು ಆಗಸ್ಟ್ ಕೊನೆಯಲ್ಲೇ "ಸುಹೈಲ್ ಬಂತು, ಇನ್ನು ಸೆಕೆ ಇಳಿಯುತ್ತೆ" ಅಂದಿದ್ದರು. ಬೆಳಗಿನ ಜಾವ ದಕ್ಷಿಣದಲ್ಲಿ ಹುಟ್ಟುವ ನಕ್ಷತ್ರ ಅದು. ನಾವು ಅದನ್ನೇ ಅಗಸ್ತ್ಯ ಅನ್ನುತ್ತೇವೆ. ಅಗಸ್ತ್ಯ ಹುಟ್ಟಿದರೆ ಮಳೆಗಾಲದ ರಾಡಿ ನೀರು ತಿಳಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಒಂದೇ ಚುಕ್ಕಿ, ಅಲ್ಲಿ ನೀರು ತಿಳಿಯಾಗುವುದಕ್ಕೆ, ಇಲ್ಲಿ ಸೆಕೆ ಇಳಿಯುವುದಕ್ಕೆ.

ಇನ್ನೊಂದು ಗುರುತೂ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಮೂರು ತಿಂಗಳು ಎದುರಿನ ಕಟ್ಟಡದ ಹುಡುಗರು ಆ ಹೊತ್ತಿಗೆ ನೆರಳಲ್ಲಿ ಮಲಗಿರುತ್ತಾರೆ. ಅವರನ್ನು ನೋಡಿದಾಗಲೆಲ್ಲ ನಮ್ಮ ರಾಯಚೂರು ನೆನಪಾಗುತ್ತದೆ. ಅಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸಿನ ಟೈಮ್ ಬದಲಾಗುತ್ತದೆ, ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಒಳ್ಳೆಯದೇ. ಆದರೆ ರಸ್ತೆಗೆ ಡಾಂಬರು ಹಾಕುವವರನ್ನು ಅದೇ ಮೇ ತಿಂಗಳ ಮಧ್ಯಾಹ್ನ ಎಷ್ಟು ಸಲ ನೋಡಿದ್ದೇನೆ! ಫ್ಯಾನ್ ಕೆಳಗೆ ಕೂರುವವರ ಬಿಸಿಲು ನಮಗೆ ಕಾಣುತ್ತದೆ, ಅವರದ್ದು ಕಾಣುವುದಿಲ್ಲ.

ನಮ್ಮ ಶರದೃತು ಎಲೆ ಉದುರುವ ಕಾಲವೇ ಅಲ್ಲವಲ್ಲ. ಎಲೆ ಉದುರುವುದು ಮಾಘ, ಫಾಲ್ಗುಣದಲ್ಲಿ, ಯುಗಾದಿಗೆ ಬೇವು ಚಿಗುರುವ ಮೊದಲು. ಶರತ್ತು ಅಂದರೆ ದಸರಾ. ಸಂಜೆ ಊರ ಹೊರಗಿನ ಬನ್ನಿ ಮರಕ್ಕೆ ಹೋಗಿ ಬಂದು ಮನೆಮನೆಗೆ ಎಲೆ ಕೊಡುವುದು. "ಬಂಗಾರ ತೊಗೊಂಡು ಬಂಗಾರದಂಗ ಇರೋಣ್ರಿ." ಹಿರಿಯರ ಕೈಗೆ ಎಲೆ ಇಟ್ಟು ಕಾಲಿಗೆ ಬೀಳುತ್ತಿದ್ದೆವು. ರಾತ್ರಿ ಹೊತ್ತಿಗೆ ಎರಡೂ ಕೈ ಬನ್ನಿ ವಾಸನೆ.

ಅದು ನೆನಪಾದ ಕೂಡಲೇ ತಲೆಗೆ ಹೊಳೆಯಿತು. ಈ ದೇಶದ ರಾಷ್ಟ್ರೀಯ ಮರ ಗಾಫ್. ಗಾಫ್ ಅಂದರೆ ನಮ್ಮ ಬನ್ನಿಯೇ! ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷವೇ. ಹತ್ತು ವರ್ಷದಿಂದ ಹೆದ್ದಾರಿ ಪಕ್ಕ ಅದನ್ನು ನೋಡುತ್ತಾ ಓಡಾಡಿದ್ದೇನೆ, ಒಂದು ದಸರಾಕ್ಕೂ ಅದರ ಹತ್ತಿರ ಹೋಗಿರಲಿಲ್ಲ.

ಶನಿವಾರ ಸಂಜೆ ಮಗಳನ್ನು ಕರಕೊಂಡು ದುಬೈನ ಮುಶ್ರಿಫ್ ಪಾರ್ಕಿಗೆ ಹೋದೆವು. ಅಲ್ಲಿ ಗಾಫ್ ಮರಗಳದ್ದೇ ಕಾಡು. ಕೊಂಬೆ ಮುರಿಯಲಿಲ್ಲ, ಮರಳ ಮೇಲೆ ಬಿದ್ದಿದ್ದ ಎರಡು ಸಣ್ಣ ಟೊಂಗೆ ಆರಿಸಿಕೊಂಡೆವು. ಬೂದು ಮಿಶ್ರಿತ ಹಸಿರು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಎಲೆಗಳು, ನಡುವೆ ಚೂಪು ಮುಳ್ಳು. ಮಗಳು ಒಂದು ಎಲೆ ಉಜ್ಜಿ ಮೂಸಿ ನೋಡಿದಳು. "ಇದು ಕಿತ್ತಳೆ ಬಣ್ಣ ಆಗಲ್ವಾ?" ಅಂದಳು. ಇಲ್ಲ ಕಂದಾ, ಇದು ಹಸಿರಾಗಿದ್ದಾಗಲೇ ಬಂಗಾರ ಅಂದೆ.

ಸೋಮವಾರ ಒಂದು ಟೊಂಗೆ ಸ್ಕೂಲಿಗೆ ಹೋಯಿತು. ಗೋಡೆ ತುಂಬಾ ಕಾಗದದ ಕಿತ್ತಳೆ ಎಲೆಗಳಂತೆ, ಇವಳದ್ದೊಂದೇ ಹಸಿರಂತೆ. ಟೀಚರ್‌ಗೆ ಎರಡೂ ಕೈಯಲ್ಲಿ ಕೊಟ್ಟಳಂತೆ.

ಇನ್ನೊಂದನ್ನು ಅವಳೇ ಫ್ರಿಜ್ಜಲ್ಲಿ ಇಟ್ಟಿದ್ದಳು. ರಾತ್ರಿ ಊರಿಗೆ ವಿಡಿಯೊ ಕಾಲ್ ಮಾಡಿದಾಗ ತಂದು ಫೋನಿನ ಮುಂದೆ ಹಿಡಿದಳು. "ಅಜ್ಜಿ, ಬಂಗಾರ ತೊಗೋ." ದಸರಾ ಮುಗಿದು ಎಷ್ಟೋ ದಿನ ಆಗಿತ್ತು. ಅವ್ವ ಏನೂ ಕೇಳಲಿಲ್ಲ. ರಾಯಚೂರಿನ ಕಟ್ಟೆ ಮೇಲೆ ಕೂತವಳು ಹಂಗೇ ಸೆರಗು ಒಡ್ಡಿದಳು.