ಬೇಲಿಯ ಆಚೆಯ ಮೆಟ್ಟಿಲು

ಇವತ್ತು ಬೆಳಿಗ್ಗೆ ಗೆಳೆಯನ ಹೊಸ ಕಯಾಕ್ ಹೊತ್ತುಕೊಂಡು ಮನೆ ಹತ್ತಿರದ ಕೆರೆಗೆ ಹೋದೆವು. ಗಾಳಿ ತುಂಬಿಸುವ ದೋಣಿ, ಮಡಚಿದರೆ ಒಂದು ಚೀಲ ಅಷ್ಟೇ. ಗೇಟಿನಲ್ಲಿದ್ದ ಕಾವಲುಗಾರರು ಚೀಲ ನೋಡಿ, "ನೀರಿಗೆ ಇಳಿಯುವಂತಿಲ್ಲ ಸಾರ್" ಎಂದರು. ಪಾಪ, ಅವರಿಗೆ ಹೇಳಿದ್ದನ್ನು ಅವರು ಹೇಳಿದರು.

ವಾಪಸ್ ಬರುವಾಗ ಬೇಲಿಯ ಪಕ್ಕ ನಿಂತೆವು.

ತಂತಿಯ ಆಚೆ ಹಳೆಯ ಕಲ್ಲಿನ ಮೆಟ್ಟಿಲುಗಳು. ಒಂದೊಂದಾಗಿ ಇಳಿದು ನೀರಿನೊಳಗೆ ಮರೆಯಾಗುತ್ತವೆ. ಪ್ರತಿ ಕಲ್ಲೂ ನಡುವೆ ಸವೆದು ಅಂಗೈಯಂತೆ ತಗ್ಗಾಗಿದೆ. ಎಷ್ಟು ಕಾಲುಗಳು, ಎಷ್ಟು ಕೊಡಗಳು ಇಳಿದು ಹತ್ತಿರಬೇಕು! ಈಗ ಆ ತಗ್ಗಿನಲ್ಲಿ ಹೊಂಗೆ ಎಲೆ ಕೊಳೆಯುತ್ತಿದೆ.

ಕಡಲಿಲ್ಲದ ಊರು ನಮ್ಮ ಬೆಂಗಳೂರು. ನೀರು ಎಂದರೆ ಕೆರೆಯೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದವನ್ನು ಕಾಪಾಡಲು ಬೇಲಿ ಬೇಕು, ಒಪ್ಪುತ್ತೇನೆ. ಒತ್ತುವರಿ, ಕಸ ಎರಡನ್ನೂ ಕಣ್ಣಾರೆ ಕಂಡಿದ್ದೇನೆ.

ಆದರೂ ದೋಣಿ ಇಳಿಸಲು ಒಂದು ಇಳಿಜಾರು ಸಾಕು. ಬೆಳಿಗ್ಗೆ ಎರಡು ತಾಸು ಮಾತ್ರ. ಮೋಟಾರು ಬೇಡ, ಜೀವರಕ್ಷಕ ಜಾಕೆಟ್ ಇಲ್ಲದೆ ಯಾರನ್ನೂ ಬಿಡುವುದು ಬೇಡ, ಹಕ್ಕಿಗಳು ಗೂಡು ಕಟ್ಟುವ ಕಡೆಗೆ ಹೋಗುವುದೂ ಬೇಡ. ಹುಟ್ಟು ಹಾಕುತ್ತಾ ನೊರೆಯ ನಡುವೆ ಸಾಗಿದವನಿಗೆ ಚರಂಡಿ ನೀರು ಎಲ್ಲಿಂದ ಸೇರುತ್ತಿದೆ ಎಂದು ಬೇರೆ ಯಾರೂ ತೋರಿಸಬೇಕಾಗಿಲ್ಲ. ದಡದಲ್ಲಿ ನಡೆಯುವ ನಮಗೆ ಅದು ಬರೀ ವಾಸನೆ.

ಚೀಲ ಈಗ ನಮ್ಮ ಮನೆಯ ಬಾಗಿಲ ಹಿಂದಿದೆ. ಹುಟ್ಟು ಇನ್ನೂ ಒದ್ದೆಯಾಗಿಲ್ಲ.