ರೇಷ್ಮೆ ದಾರಿಯ ಗೋಡೆಗಳಲ್ಲಿ ಉಪ್ಪು

14 ಅಕ್ಟೋಬರ್ 2024, ಸೋಮವಾರ

ರೇಷ್ಮೆ ದಾರಿ ಎಂಬ ಹಳೆಯ ವ್ಯಾಪಾರ ಮಾರ್ಗದಲ್ಲಿರುವ, ಚೀನಾದ ದುನ್‌ಹುವಾಂಗ್ ಬಳಿಯ ಮೊಗಾವ್ ಬೌದ್ಧ ಗುಹೆಗಳ ಭಿತ್ತಿಚಿತ್ರಗಳನ್ನು ತಿನ್ನುತ್ತಿರುವುದರಲ್ಲಿ ಉಪ್ಪಿನದೇ ದೊಡ್ಡ ಪಾಲು. ಜಲ್ಲಿ, ಮರಳು ಬೆರೆತ ಸಡಿಲ ಬಂಡೆಯನ್ನು ಕೊರೆದು, ನಾರು ಕಲಸಿದ ಜೇಡಿಮಣ್ಣಿನ ಗಿಲಾವು ಬಳಿದು, ಅದರ ಮೇಲೆ ಚಿತ್ರ ಬರೆದಿದ್ದಾರೆ. ಬಂಡೆಯಲ್ಲೂ ಗಿಲಾವಿನಲ್ಲೂ ಉಪ್ಪಿದೆ. ಬರೀ ಅಡುಗೆ ಉಪ್ಪಾದರೆ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಶೇ. 75ರ ಹತ್ತಿರ ಬಂದಾಗ ತೇವ ಹೀರಿ ಕರಗುತ್ತದೆ. ಬೇರೆ ಲವಣಗಳು ಸೇರಿದ್ದರೆ ಇನ್ನೂ ಮೊದಲೇ. ಗಾಳಿ ಒಣಗಿತೆಂದರೆ ಮತ್ತೆ ಹರಳುಗಟ್ಟಿ ಬಣ್ಣದ ಪದರವನ್ನು ಎಬ್ಬಿಸುತ್ತದೆ. ಹೊರಗಿನ ಆರ್ದ್ರತೆ ಶೇ. 62 ದಾಟಿದರೆ ಗುಹೆಗಳ ಬಾಗಿಲು ಮುಚ್ಚುವುದು ಇದಕ್ಕೇ. ದೂರದಿಂದ ಬಂದವರಿಗೆ ಬೇಸರವಾಗುತ್ತದೆ ನಿಜ, ಆದರೂ ಆ ನಿಯಮ ಸಡಿಲಿಸಬಾರದು.

ತಾಂಗ್ ರಾಜವಂಶದ ಕಾಲದ 85ನೇ ಗುಹೆಯಲ್ಲಿ ದುನ್‌ಹುವಾಂಗ್ ಅಕಾಡೆಮಿ ಮತ್ತು ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ 1997ರಲ್ಲಿ ಶುರುಮಾಡಿದ ಕೆಲಸವನ್ನು ಈ ಕ್ಷೇತ್ರದವರೆಲ್ಲ ಓದಲೇಬೇಕು. ಬಂಡೆಯಿಂದ ಬಿಟ್ಟುಕೊಂಡ ಗಿಲಾವಿನ ಹಿಂದೆ ಮಣ್ಣಿನ ಗ್ರೌಟ್, ಅಂದರೆ ಸಂದು ತುಂಬುವ ತೆಳು ಕಲಸು, ತುಂಬಬೇಕು. ಗ್ರೌಟ್ ಭಾರವಾದರೆ ಗಿಲಾವೇ ಕಳಚಿ ಬೀಳುತ್ತದೆ, ಅದಕ್ಕೆ ಹಗುರ ಪುಡಿ ಬೆರೆಸುತ್ತಾರೆ. ನೀರು ಹೆಚ್ಚಾದರೆ ಒಳಗಿನ ಉಪ್ಪು ಕರಗಿ ಚಿತ್ರದ ಕಡೆಗೇ ಬರುತ್ತದೆ. ನೀರಿಲ್ಲದೆ ಗ್ರೌಟ್ ಹರಿಯುವುದೂ ಇಲ್ಲ! ಆದ್ದರಿಂದ ತುಂಬಿದ ಮೇಲೆ ಚಿತ್ರದ ಮೇಲ್ಮೈಗೆ ಹೀರುವ ಪದರಗಳನ್ನಿಟ್ಟು, ಹಲಗೆಯಿಂದ ಮೆಲ್ಲಗೆ ಒತ್ತಿ ಹಿಡಿದು, ತೇವದ ಜೊತೆ ಬರುವ ಉಪ್ಪನ್ನು ಅವುಗಳಿಗೆ ಇಳಿಸುತ್ತಾರೆ. ಪದರಗಳನ್ನು ಬದಲಿಸುತ್ತಾ ಹೋಗುತ್ತಾರೆ. ಇಲ್ಲಿ ಸಿಮೆಂಟ್ ಬಳಸುವುದು ಅಪಾಯ. ಅದು ಗಟ್ಟಿ, ಬಿಗಿ. ತೇವಕ್ಕೆ ಅಲ್ಲಿ ದಾರಿ ಸಿಗದೆ ಪಕ್ಕದ ಹಳೆಯ ಮೆದು ಗಿಲಾವಿನಿಂದ ಹೊರಬಂದು, ಅದನ್ನೇ ಪುಡಿಮಾಡುತ್ತದೆ. ದುರಸ್ತಿಯ ಮಣ್ಣು ಯಾವಾಗಲೂ ಮೂಲಕ್ಕಿಂತ ದುರ್ಬಲವಾಗಿರಬೇಕು.

ತುರ್ಕ್‌ಮೆನಿಸ್ತಾನದ ಪ್ರಾಚೀನ ನಗರ ಮೆರ್ವ್‌ನ ಹಸಿ ಇಟ್ಟಿಗೆ ಗೋಡೆಗಳದ್ದೂ ಇದೇ ಕಾಯಿಲೆ. ನೆಲದ ನೀರು ಬುಡಕ್ಕೆ ಏರಿ ಉಪ್ಪು ಬಿಡುತ್ತದೆ, ಬುಡ ಸವೆದು ಮೇಲಿನ ಭಾರ ಒಮ್ಮೆಲೇ ಕುಸಿಯುತ್ತದೆ. ಮೊದಲು ನೀರನ್ನು ಗೋಡೆಯಿಂದ ದೂರ ಹರಿಸಬೇಕು, ಆಮೇಲೆ ಸವೆದ ಬುಡಕ್ಕೆ ಹೊಸ ಹಸಿ ಇಟ್ಟಿಗೆ. ಮೇಲಿನ ಮಣ್ಣಿನ ಹೊದಿಕೆ ಮಳೆಗೆ ಸವೆಯಲೆಂದೇ ಹಾಕುವುದು. ಸವೆದಂತೆ ಮತ್ತೆ ಬಳಿಯಲು ಪ್ರತಿವರ್ಷ ಹಣ ತೆಗೆದಿಡದಿದ್ದರೆ ಮೊದಲ ಸಲದ ಶ್ರಮವೂ ವ್ಯರ್ಥ.

ಚೀನಾ, ಕಜಕಿಸ್ತಾನ, ಕಿರ್ಗಿಸ್ತಾನಗಳು ಒಟ್ಟಾಗಿ 2014ರಲ್ಲಿ ರೇಷ್ಮೆ ದಾರಿಯ 33 ತಾಣಗಳನ್ನು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದವು; 2023ರಲ್ಲಿ ತಜಕಿಸ್ತಾನ, ತುರ್ಕ್‌ಮೆನಿಸ್ತಾನ, ಉಜ್ಬೆಕಿಸ್ತಾನಗಳ ಸರದಿ. ಹೆಸರು ಹಂಚಿಕೊಂಡರಷ್ಟೇ ಸಾಲದು. ತೇವ, ಉಪ್ಪು, ಬುಡದ ಸವೆತವನ್ನು ಎಲ್ಲ ದೇಶಗಳೂ ಒಂದೇ ಅಳತೆಯಲ್ಲಿ, ಅದೇ ಜಾಗದಲ್ಲಿ, ಅದೇ ಋತುವಿನಲ್ಲಿ ದಾಖಲಿಸಿ ಪರಸ್ಪರ ಕೊಡಬೇಕು. ಒಂದು ಕಡೆ ಕೆಟ್ಟ ದುರಸ್ತಿ ಇನ್ನೊಂದು ಕಡೆ ಮರುಕಳಿಸದಂತೆ ತಡೆಯಲು ಆ ದಾಖಲೆ ಬೇಕು.